ಸ್ಲೋ ಕುಕ್ಕರ್ ತಗೊಳ್ಳಬೇಕು ಅಂತಿದ್ದೇನೆ, ಬಳಸಿದವರು ಅನುಭವ ಹೇಳಿ

ತುಮಕೂರು ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವಷ್ಟರಲ್ಲಿ ಸಂಜೆ ಆರೂವರೆ. ಹಗಲೆಲ್ಲಾ ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಹಲ್ಲಿನ ಸೆಟ್ ಸರಿಯಾಗಿ ಕೂರುವುದಿಲ್ಲ, ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಂತೆ ಬೆಂದಿರಬೇಕು. ಗ್ಯಾಸ್ ಹಚ್ಚುವುದಕ್ಕೆ ಅವರಿಗೆ ಭಯ, ಕುಕ್ಕರ್ ವಿಸಿಲ್ ಅಂದರೆ ಇನ್ನೂ ಭಯ. ಸ್ಲೋ ಕುಕ್ಕರ್ ಅಂದರೆ ಕರೆಂಟಿನ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಪಾತ್ರೆ, ಬೆಳಿಗ್ಗೆ ಅದಕ್ಕೆ ಎಲ್ಲಾ ಹಾಕಿ ಸ್ವಿಚ್ ಒತ್ತಿ ಹೋದರೆ ಸಂಜೆಗೆ ಸಾರು ರೆಡಿ ಇರುತ್ತದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ನನ್ನ ಪ್ರಶ್ನೆ ಇಷ್ಟೇ. ಮೂರು ಜನಕ್ಕೆ 3.5 ಲೀಟರ್ ಸಾಕಾ, 6 ಲೀಟರ್ ಬೇಕಾ? ತಿರುಗಿಸುವ ನಾಬ್ ಇರುವುದು ಒಳ್ಳೆಯದಾ, ಡಿಜಿಟಲ್ ಒಳ್ಳೆಯದಾ? ನಮ್ಮ ಕಡೆ ಹಗಲು ಹೊತ್ತು ಕರೆಂಟ್ ಹೋಗುವುದು ಮಾಮೂಲಿ. ಬಜೆಟ್ ಐದು ಸಾವಿರದ ಒಳಗೆ. ಮಟನ್ ತಿಂಗಳಿಗೊಮ್ಮೆ, ಮಿಕ್ಕಿದ್ದೆಲ್ಲಾ ಕಾಳು, ಸೊಪ್ಪು, ಬೇಳೆ.

ಮಂಡ್ಯದ ಗೌಡತಿ:
ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನಮ್ಮ ಮನೆಯಲ್ಲಿ ಕಾಲು ಸೂಪು ಈಗ ಅದರಲ್ಲೇ. ಮೊದಲು ಕಾಲು ಸೂಪು ಅಂದರೆ ಕುಕ್ಕರ್‌ನಲ್ಲಿ ವಿಸಿಲ್ ಮೇಲೆ ವಿಸಿಲ್ ಕೂಗಿಸಬೇಕಿತ್ತು. ಮಾಂಸ ಬೆಂದರೂ ಮೂಳೆಯ ಸತ್ವ ನೀರಿಗೆ ಇಳಿಯುತ್ತಿರಲಿಲ್ಲ. ಈಗ ಸುಟ್ಟು ಕೆರೆದ ಕಾಲು ತಂದು, ಚೆನ್ನಾಗಿ ತೊಳೆದು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು ಬಾಣಲೆಯಲ್ಲಿ ಹುರಿದುಕೊಂಡು, ಒಂದು ಕುದಿ ಬಂದ ನೀರಿನ ಜೊತೆಗೆ ಸುರಿಯುತ್ತೇನೆ. ರಾತ್ರಿ ಊಟ ಆದ ಮೇಲೆ ಲೋನಲ್ಲಿ, ಅಂದರೆ ಕಡಿಮೆ ಕಾವಿನಲ್ಲಿ ಇಟ್ಟರೆ ಬೆಳಿಗ್ಗೆ ಚಮಚ ತಗುಲಿದರೆ ಮೂಳೆಯಿಂದ ಮಾಂಸ ಜಾರುತ್ತದೆ. ಫ್ರಿಜ್‌ನಲ್ಲಿಟ್ಟರೆ ಸೂಪು ಗಟ್ಟಿಯಾಗಿ ಅಲ್ಲಾಡುತ್ತದೆ. ಅದೇ ಅಲ್ವಾ ಬೇಕಾಗಿರುವುದು. ನಮ್ಮ ಮಾವನವರಿಗೆ ಮಂಡಿ ನೋವು, ಇದು ಬಂದ ಮೇಲೆ ವಾರಕ್ಕೊಂದು ಸಲ ಕೇಳಿ ಕುಡಿಯುತ್ತಾರೆ.

ಖರ್ಚು ಪೂರ್ತಿ ಹೇಳಿಬಿಡುತ್ತೇನೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಎಂಆರ್‌ಪಿ 6,495. ಆಫರ್‌ನಲ್ಲಿ 4,250. ವಾರಂಟಿ ಜಾಸ್ತಿ ಮಾಡಿಸಿ ಅಂತ 399 ಕಿತ್ತುಕೊಂಡರು. ಆಮೇಲೆ ಓದಿದರೆ ಒಳಗಿನ ಪಿಂಗಾಣಿಯಂಥ ಕಲ್ಲಿನ ಪಾತ್ರೆಗೂ ಗಾಜಿನ ಮುಚ್ಚಳಕ್ಕೂ ಆ ವಾರಂಟಿ ಇಲ್ಲ! ಒಡೆಯುವುದು ಅವೆರಡೇ ತಾನೇ. ವೈರ್ ಕುಳ್ಳ, ನಮ್ಮ ಕಟ್ಟೆಯ ಪ್ಲಗ್ಗಿಗೆ ಮುಟ್ಟಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಇನ್ನೊಂದು ಪಾಯಿಂಟ್ ಎಳೆಸಿದೆ, 700. ಮೊದಲು ಬಂದ ಡಬ್ಬದಲ್ಲಿ ಮುಚ್ಚಳ ಬಿರುಕು ಬಿಟ್ಟಿತ್ತು. ಫೋಟೋ ಕಳಿಸಿ, ವಿಡಿಯೋ ಕಳಿಸಿ, ಡಬ್ಬದ ಆರೂ ಮಗ್ಗುಲು ತೋರಿಸಿ ಅಂತ ಆಡಿಸಿ ಕೊನೆಗೆ ಬದಲಾಯಿಸಿಕೊಟ್ಟರು. ಒಟ್ಟು 5,349. ಒಂದು ರೂಪಾಯಿಯೂ ಹೊಟ್ಟೆ ಉರಿದಿಲ್ಲ ನನಗೆ. ಆ 399 ಬಿಟ್ಟು.

ನಿವೃತ್ತ ಲೈನ್‌ಮ್ಯಾನ್:
ಕರೆಂಟಿನ ಮಾತು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 3.5 ಲೀಟರಿನದು ಸುಮಾರು 200 ವಾಟ್. 6 ಲೀಟರಿನದು 240ರಿಂದ 300. ಎಂಟು ಗಂಟೆ ಉರಿದರೆ ಚಿಕ್ಕದಕ್ಕೆ 1.6 ಯೂನಿಟ್. ವಾರಕ್ಕೆ ನಾಲ್ಕು ದಿನ ಅಂದರೂ ತಿಂಗಳಿಗೆ 26 ಯೂನಿಟ್ ಹತ್ತಿರ. ಗೃಹಜ್ಯೋತಿ ಇರುವ ಮನೆಯವರು ಇದನ್ನು ಮೊದಲು ಲೆಕ್ಕ ಹಾಕಿ. ನಿಮ್ಮ ಹಳೆಯ ಸರಾಸರಿ ಮೇಲೆ ಒಂದಿಷ್ಟು ಸೇರಿಸಿ ಅಷ್ಟು ಮಾತ್ರ ಫ್ರೀ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆ 185ರ ಆಸುಪಾಸಿನಲ್ಲಿತ್ತು. ಮಗಳು ಈ ಕುಕ್ಕರ್ ತಂದ ತಿಂಗಳೇ ಗಡಿ ದಾಟಿತು. ಬಿಲ್ ನೋಡಿ ನಮ್ಮವಳು ಮಗಳ ಜೊತೆ ಮಾತು ಬಿಟ್ಟಳು. ಈಗ ಗೀಸರ್ ಕಡಿಮೆ ಮಾಡಿ ಸರಿದೂಗಿಸಿದ್ದೇವೆ.

ಇನ್ನು ನಾಬಾ, ಡಿಜಿಟಲ್ಲಾ? ಡಿಜಿಟಲ್ ಅನ್ನುವುದು ಕರೆಂಟ್ ಹೋಗಿ ಬಂದರೆ ಬಹುತೇಕ ಮಾಡೆಲ್‌ಗಳಲ್ಲಿ ಆಫ್ ಆಗಿಯೇ ಕೂತಿರುತ್ತದೆ. ಐದು ನಿಮಿಷ ಕರೆಂಟ್ ಹೋಗಿದ್ದರೂ ಸಂಜೆ ಬಂದಾಗ ಅರೆಬೆಂದ ತಣ್ಣನೆ ಕಾಳು. ನಾಬ್ ಇರುವುದು ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುತ್ತದೆ. ನಮ್ಮ ಊರುಗಳಿಗೆ ನಾಬೇ ಸರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿನ ಪಾಯಿಂಟ್‌ಗೆ ಹಾಕಿ. 200 ವಾಟ್ ಒಂದೆರಡು ಗಂಟೆ ಆರಾಮಾಗಿ ಎಳೆಯುತ್ತದೆ. ನೂರು ರೂಪಾಯಿಯ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಮಾತ್ರ ಹಾಕಬೇಡಿ, ಪಿನ್ ಸಡಿಲ ಇದ್ದರೆ ಎಂಟು ಗಂಟೆಯಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಅರ್ಥಿಂಗ್ ನೋಡಿಸಿಕೊಳ್ಳಿ.

ದಾವಣಗೆರೆ ಅಡುಗೆಮನೆ:
ದಯವಿಟ್ಟು ಯಾರೂ ದುಡ್ಡು ಹಾಳು ಮಾಡಬೇಡಿ. ನಾನು 5,600 ಕೊಟ್ಟು ತಂದೆ, 1,800ಕ್ಕೆ ಮಾರಿದೆ. ತೊಗರಿಬೇಳೆ, ಟೊಮ್ಯಾಟೊ, ಹುಣಸೆರಸ, ಸಾರಿನ ಪುಡಿ ಎಲ್ಲಾ ಹಾಕಿ ಬೆಳಿಗ್ಗೆ ಇಟ್ಟರೆ ಸಂಜೆ ಬೇಳೆ ಬೇಳೆಯಾಗಿಯೇ ಇತ್ತು. ನೀರು ಮೇಲೆ, ಬೇಳೆ ಕೆಳಗೆ. ಮತ್ತೆ ಕುಕ್ಕರ್‌ಗೆ ಹಾಕಿ ವಿಸಿಲ್ ಕೂಗಿಸಿ ಊಟಕ್ಕೆ ಕೂತಾಗ ಒಂಬತ್ತೂವರೆ. ಕಡಲೆಕಾಳು ಹಾಕಿದೆ, ಅದೂ ಹಾಗೇ. ಈರುಳ್ಳಿ ಹಸಿ ವಾಸನೆ, ಬೆಳ್ಳುಳ್ಳಿ ಹಸಿ ವಾಸನೆ. ಮಸಾಲೆ ಎಲ್ಲಾ ನೀರು ನೀರು. ಪ್ರೆಶರ್ ಕುಕ್ಕರ್‌ನಲ್ಲಿ ಹದಿನೈದು ನಿಮಿಷಕ್ಕೆ ಆಗುವ ಕೆಲಸಕ್ಕೆ ಎಂಟು ಗಂಟೆ ಕರೆಂಟ್ ಉರಿಸಬೇಕಾ? ಇದು ಮಾಂಸ ಬೇಯಿಸುವವರಿಗೆ, ಫಾರಿನ್‌ನವರಿಗೆ ಮಾಡಿದ ಸಾಮಾನು. ನಮ್ಮ ಅಡುಗೆಗೆ ಅಲ್ಲ. ಮಾರುವಾಗ ತಗೊಂಡ ಹೆಂಗಸು ಇನ್ನೂ 200 ಕಡಿಮೆ ಮಾಡಿ ಅಂತ ಗೇಟಿನಲ್ಲಿ ನಿಂತಿದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಂಡ್ಯದ ಗೌಡತಿ:
ಹುಣಸೆಹಣ್ಣು, ಟೊಮ್ಯಾಟೊ ಮೊದಲೇ ಸುರಿದರೆ ಬೇಳೆ ಯಾವ ಒಲೆಯಲ್ಲಿ ಬೇಯುತ್ತದೆ ಹೇಳಿ. ಹುಳಿ ತಗುಲಿದರೆ ಬೇಳೆ ಬಿಗಿಯುತ್ತದೆ ಅಂತ ನಮ್ಮ ಹಳ್ಳಿ ಹೆಂಗಸರಿಗೂ ಗೊತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ದಾವಣಗೆರೆ ಅಡುಗೆಮನೆ:
ಮೇಡಂ, ನಾಲಿಗೆ ಬಿಗಿ ಹಿಡಿದು ಮಾತಾಡಿ. ಇಪ್ಪತ್ತು ವರ್ಷದಿಂದ ಹತ್ತು ಜನದ ಮನೆಗೆ ಅಡುಗೆ ಮಾಡಿದವಳು ನಾನು. ಕುಕ್ಕರ್‌ನಲ್ಲಿ ಟೊಮ್ಯಾಟೊ ಜೊತೆಗೇ ಬೇಳೆ ಇಡುತ್ತೇನೆ, ಬೇಯುತ್ತದೆ. ಯಾರದೋ ಹಣದ ಬಗ್ಗೆ ನನಗೆ ಕಾಳಜಿ ಇದೆ ಅಂತ ಬರೆದೆ. ಗಾದೆ ಹೇಳಿಸಿಕೊಳ್ಳುವುದಕ್ಕಲ್ಲ.

ನಿವೃತ್ತ ಲೈನ್‌ಮ್ಯಾನ್:
ತಂಗಿ, ಕುಕ್ಕರ್‌ನಲ್ಲಿ ಪ್ರೆಶರ್ ಇರುತ್ತದೆ, 100 ಡಿಗ್ರಿ ದಾಟಿ 120ರ ಹತ್ತಿರ ಹೋಗುತ್ತದೆ. ಇದು 100 ಕೂಡ ಮುಟ್ಟುವುದು ಕಷ್ಟ. ಅದಕ್ಕೇ ಹುಳಿ ಆಮೇಲೆ. ನಿಮ್ಮದು ಬೋರ್‌ವೆಲ್ ನೀರಾ? ಗಡಸು ನೀರಾದರೆ ಕಾಳು ಬೇಯುವುದು ಇನ್ನೂ ನಿಧಾನ. ನಮ್ಮ ಮನೆಯಲ್ಲಿ ಕ್ಯಾನ್ ನೀರು ಹಾಕಿದರೆ ಒಂದು ಥರ, ಬೋರ್ ನೀರು ಹಾಕಿದರೆ ಒಂದು ಥರ. 20 ಲೀಟರ್ ಕ್ಯಾನಿಗೆ 35 ರೂಪಾಯಿ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಡೆಟ್ರಾಯಿಟ್ ಕನ್ನಡತಿ:
"ಫಾರಿನ್‌ನವರ ಸಾಮಾನು" ಅಂದಿದ್ದಕ್ಕೆ ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದ್ದೇ ಕಾಳು ಬೇಯಿಸುವುದಕ್ಕೆ. ಇರ್ವಿಂಗ್ ನ್ಯಾಕ್ಸನ್ ಅನ್ನುವವರಿಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಯಹೂದಿಗಳು ಸಬ್ಬತ್ ಅನ್ನುವ ವಾರದ ವಿಶ್ರಾಂತಿ ದಿನ ಒಲೆ ಹಚ್ಚುವುದಿಲ್ಲ. ಹಿಂದಿನ ಸಂಜೆಯೇ ಕಾಳು, ಗೆಡ್ಡೆ, ಮಾಂಸದ ಪಾತ್ರೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ರಾತ್ರಿಯೆಲ್ಲಾ ಬೇಯಿಸುತ್ತಿದ್ದರು ಅಂತ ಅವರ ತಾಯಿ ಹೇಳಿದ ಕಥೆಯಿಂದ ಈ ಯೋಚನೆ ಬಂತು. ಅದಕ್ಕೆ ಅವರು ಇಟ್ಟ ಹೆಸರಲ್ಲೇ ಬೀನ್ಸ್ ಇತ್ತು, ಬೀನರಿ ಅಂತ. ಆಮೇಲೆ ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅಂತ ಮಾರಿತು. ಕೆಲಸಕ್ಕೆ ಹೋಗುವ ಹೆಂಗಸರು ಮುಗಿಬಿದ್ದು ತಗೊಂಡರು. ಅಂದರೆ ಈ ತಂಗಿಯ ಥರದವರೇ.

ನಾನು ನಮ್ಮ ಅಮ್ಮನಿಗೆ ಅಂತ ಇಲ್ಲಿಂದ ಶಿವಮೊಗ್ಗಕ್ಕೆ ಒಂದು ಹೊತ್ತುಕೊಂಡು ಬಂದೆ. ಆ ಕಥೆ ಕೇಳಿ, ಯಾರೂ ಹಾಗೆ ಮಾಡಬೇಡಿ. ಇಲ್ಲಿ 35 ಡಾಲರ್. ಕಲ್ಲಿನ ಪಾತ್ರೆಯ ಭಾರಕ್ಕೆ ಸೂಟ್‌ಕೇಸ್ 23 ಕೆಜಿ ದಾಟಿತು. ಕೌಂಟರಿನಲ್ಲಿ ಬಾದಾಮಿ, ಚಾಕೊಲೇಟ್ ಎಲ್ಲಾ ತೆಗೆದು ಇನ್ನೊಂದು ಬ್ಯಾಗಿಗೆ ತುಂಬಿದೆವು. ಇಲ್ಲಿಯದು 120 ವೋಲ್ಟ್, ಅಲ್ಲಿ 230. ಅದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 2,400 ರೂಪಾಯಿ ಕೊಟ್ಟು ತಂದೆವು. ಅದು ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಮಣ ಭಾರ. ನಾನು ವಾಪಸ್ ಬಂದ ಮೇಲೆ ಮನೆಗೆ ಬಂದ ನೆಂಟರ ಹುಡುಗ ಟ್ರಾನ್ಸ್‌ಫಾರ್ಮರ್ ಯಾಕೆ ಅಂತ ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿದ. ವೋಲ್ಟೇಜ್ ಹತ್ತಿರ ಹತ್ತಿರ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಸುಟ್ಟ ವಾಸನೆ, ಹೊಗೆ, ಫ್ಯೂಸ್ ಹೋಯಿತು. ಅಮ್ಮ ಹೆದರಿ ಆಮೇಲೆ ಇಂಡಿಯಾದ್ದು ತಂದುಕೊಟ್ಟರೂ ಮುಟ್ಟಲಿಲ್ಲ. ಪಾತ್ರೆಯಲ್ಲಿ ಈಗ ಉಪ್ಪಿನಕಾಯಿ ಇದೆ.

ಇನ್ನೊಂದು, ಇದನ್ನು ಎಲ್ಲರೂ ಓದಿ. ರಾಜ್ಮಾವನ್ನು ನೆನೆಸಿ ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಬೇಡಿ. ಅದರಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನುವ ವಿಷ ಇರುತ್ತದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದು ಸಾಯುತ್ತದೆ. ಲೋನಲ್ಲಿ 80 ಡಿಗ್ರಿಯಷ್ಟರಲ್ಲೇ ಬೆಂದರೆ ವಿಷ ಹೋಗುವ ಬದಲು ಜಾಸ್ತಿಯೇ ಆಗಬಹುದು. ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯಲ್ಲಿ ವಾಂತಿ ಶುರು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿ, ಆಮೇಲೆ ಹಾಕಿ. ಆಹಾರ, ಔಷಧ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೂವತ್ತು ನಿಮಿಷ ಅನ್ನುತ್ತದೆ. ನಾನು ಮೂವತ್ತೇ ಕುದಿಸುತ್ತೇನೆ.

ದಾವಣಗೆರೆ ಅಡುಗೆಮನೆ:
ನಮ್ಮಜ್ಜಿ ಮಡಿಕೆಯಲ್ಲಿ ಎಲ್ಲಾ ಕಾಳೂ ಬೇಯಿಸಿದರು. ಯಾರಿಗೂ ವಾಂತಿ ಆಗಲಿಲ್ಲ. ಈ ಯಂತ್ರ ತಂದುಕೊಂಡು ಅದಕ್ಕೆ ಮತ್ತೆ ಗ್ಯಾಸಿನ ಮೇಲೆ ಕುದಿಸಬೇಕು ಅಂದರೆ ಯಂತ್ರ ಯಾಕೆ?

ಡೆಟ್ರಾಯಿಟ್ ಕನ್ನಡತಿ:
ಸೌದೆ ಒಲೆಯ ಮೇಲಿನ ಮಡಿಕೆ ಕುದಿಯುತ್ತದೆ ಅಕ್ಕ. ಲೋನಲ್ಲಿಟ್ಟ ಇದು ಎಷ್ಟೋ ಗಂಟೆ ಕುದಿಯುವುದೇ ಇಲ್ಲ. ವ್ಯತ್ಯಾಸ ಅಲ್ಲೇ ಇರುವುದು. ಲೋ, ಹೈ ಎರಡೂ ಕೊನೆಗೆ ಮುಟ್ಟುವುದು ಹೆಚ್ಚು ಕಡಿಮೆ ಒಂದೇ ಕಾವಿಗೆ. ಹೈ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟುತ್ತದೆ, ಲೋ ಏಳೆಂಟು ಗಂಟೆ ತಗೊಳ್ಳುತ್ತದೆ. ಇದು ಮಕ್ಕಳಿಗೂ ಮುದುಕರಿಗೂ ಬಡಿಸುವ ಊಟ, ಹಟ ಮಾಡುವ ವಿಷಯ ಅಲ್ಲ.

ಪುತ್ತೂರು ಗಂಜಿ:
ಕರೆಂಟೇ ಬೇಡದ ಸಾಮಾನು ಇರುವಾಗ ಇಷ್ಟು ಜಗಳ ಯಾಕೆ? ನಮ್ಮ ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಮನೆ ಮನೆಯಲ್ಲಿ ಥರ್ಮಲ್ ರೈಸ್ ಕುಕ್ಕರ್ ಇದೆ. ಕುಚ್ಚಲಕ್ಕಿ ಬೇಯುವುದು ಎಷ್ಟು ಕಷ್ಟ ಅಂತ ಘಟ್ಟದ ಮೇಲಿನವರಿಗೆ ಗೊತ್ತಿಲ್ಲ. ಸೌದೆ ಒಲೆಯಲ್ಲಿ ಗಂಟೆಗಟ್ಟಲೆ. ಥರ್ಮಲ್‌ನದಾದರೆ ಸ್ಟೀಲ್ ಪಾತ್ರೆಯಲ್ಲಿ ಅಕ್ಕಿ, ನೀರು ಗ್ಯಾಸಿನ ಮೇಲೆ ಹತ್ತು ಹದಿನೈದು ನಿಮಿಷ ಕುದಿಸುವುದು, ಮುಚ್ಚಿ ಕಾವು ಹಿಡಿದಿಡುವ ದೊಡ್ಡ ಡಬ್ಬದೊಳಗೆ ಇಳಿಸುವುದು, ಡಬ್ಬದ ಬಾಯಿ ಮುಚ್ಚುವುದು. ಅಷ್ಟೇ. ಒಂದು ಒಂದೂವರೆ ಗಂಟೆ ಬಿಟ್ಟು ತೆಗೆದರೆ ಅನ್ನ ಆಗಿರುತ್ತದೆ, ಬಸಿದರೆ ಆಯಿತು. ಕರಟುವುದಿಲ್ಲ, ಉಕ್ಕುವುದಿಲ್ಲ. ನಮ್ಮ ಅಮ್ಮ ಇದನ್ನು ತಂದಿದ್ದು 900 ರೂಪಾಯಿಗೆ, ಇನ್ನೂ ಇದೆ. ಒಳಗಿನ ಪಾತ್ರೆಯ ಹಿಡಿ ಮಾತ್ರ ಒಮ್ಮೆ ಬೆಸೆಸಿದೆವು, 60 ರೂಪಾಯಿ. ಕಳೆದ ಸಲ ಒಂದು ಸಿಲಿಂಡರ್ ನಮ್ಮಲ್ಲಿ ಎರಡು ತಿಂಗಳ ಮೇಲೆ ಬಂತು. ಈ ಸ್ಲೋ ಕುಕ್ಕರ್‌ನಲ್ಲಿ ಕುಚ್ಚಲಕ್ಕಿ ಇಟ್ಟರೆ ಗಂಜಿಯಲ್ಲ, ಅಂಟು ಆಗುತ್ತದೆ. ನಾನು ನಾದಿನಿಯ ಮನೆಯಲ್ಲಿ ತಿಂದಿದ್ದೇನೆ.

ನಿವೃತ್ತ ಲೈನ್‌ಮ್ಯಾನ್:
ಅನ್ನಕ್ಕೆ ಸರಿ. ಕಾಳಿಗೆ, ಮಾಂಸಕ್ಕೆ, ಇಡೀ ಹಗಲಿಗೆ ಸರಿಯಲ್ಲ. ಆ ಡಬ್ಬದಲ್ಲಿ ಕಾವು ಬರೀ ಇಳಿಯುತ್ತದೆ, ಏರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಇಟ್ಟದ್ದು ಸಂಜೆ ಆರಕ್ಕೆ ಎಷ್ಟು ಬಿಸಿ ಇರುತ್ತದೆ? 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಕೂತರೆ ಸಾರು ಹಳಸುತ್ತದೆ.

ಪುತ್ತೂರು ಗಂಜಿ:
ಸಾರ್, ಮಧ್ಯಾಹ್ನ ಒಮ್ಮೆ ತೆಗೆದು ಕುದಿಸಿ ಮತ್ತೆ ಇಳಿಸಿದರೆ ಮುಗಿಯಿತು. ಕರೆಂಟ್ ಹೋದರೆ ನಿಮ್ಮ ಕುಕ್ಕರ್‌ನಲ್ಲೂ ಕಾವು ಇಳಿಯುವುದೇ ಅಲ್ವಾ?

ನಿವೃತ್ತ ಲೈನ್‌ಮ್ಯಾನ್:
ಮಧ್ಯಾಹ್ನ ಕುದಿಸುವುದಕ್ಕೆ ಮನೆಯಲ್ಲಿ ಯಾರಿದ್ದಾರೆ? ಅತ್ತೆಗೆ ಗ್ಯಾಸ್ ಭಯ ಅಂತ ಪ್ರಶ್ನೆಯಲ್ಲೇ ಬರೆದಿದ್ದಾರೆ. ಮೊದಲು ಓದಿ, ಆಮೇಲೆ ಉತ್ತರ ಕೊಡಿ.

ಪುತ್ತೂರು ಗಂಜಿ:
ನೀವು ಓದಿದ್ದೀರಾ? ಅವರು ಗೃಹಜ್ಯೋತಿ ಕೇಳಿರಲಿಲ್ಲ. ನಿಮ್ಮ ಮನೆ ಬಿಲ್ಲಿನ ಕಥೆ ಹೇಳಿದಿರಿ. ನಾನು ನಮ್ಮ ಮನೆ ಅನ್ನದ ಕಥೆ ಹೇಳಿದೆ. ಅದರಲ್ಲಿ ತಪ್ಪೇನು?

ಕೊಡಗಿನ ಕೈರುಚಿ:
ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆಗೆ, ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಕೊಬ್ಬು ಇರುವ ತುಂಡೇ ಬೇಕು. ಅರಿಶಿನ, ಉಪ್ಪು, ಖಾರದ ಪುಡಿ ಹಚ್ಚಿ, ಅರೆದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಬಾಣಲೆಯಲ್ಲಿ ಬಾಡಿಸಿ ಹಾಕಿ. ನೀರು ಒಂದು ತೊಟ್ಟೂ ಬೇಡ, ಮಾಂಸವೇ ಬಿಡುತ್ತದೆ. ಆರು ಗಂಟೆ ಲೋನಲ್ಲಿ. ಕೊನೆಯ ಅರ್ಧ ಗಂಟೆಗೆ ಕಪ್ಪಗೆ ಹುರಿದ ಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆ ಪುಡಿ ಹಾಕಿ, ಇಳಿಸುವ ಮುಂಚೆ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ. ಕಾಚಂಪುಳಿ ಮೊದಲೇ ಹಾಕಿದರೆ ಮಾಂಸ ಗಡುಸಾಗುತ್ತದೆ, ಪಾತ್ರೆಯಲ್ಲಿ ಹುಳಿ ವಾಸನೆ ಬೇರೆ ಉಳಿಯುತ್ತದೆ. ಆಮೇಲೆ ಬಾಣಲೆಗೆ ಸುರಿದು ಎಣ್ಣೆ ಬಿಡುವ ತನಕ ಬಾಡಿಸಬೇಕು, ಇಲ್ಲದಿದ್ದರೆ ತೆಳ್ಳಗೆ ಸಾರಿನ ಹಾಗೆ ಇರುತ್ತದೆ. ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಮಾಂಸ ನೇರ ಹಾಕಬೇಡಿ, ಕಾವು ಏರುವಷ್ಟರಲ್ಲಿ ಕೆಡುತ್ತದೆ. ಮಳೆಗಾಲದಲ್ಲಿ ನಮ್ಮ ತೋಟದ ಮನೆಯಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಅದಕ್ಕೆ ಸೋಲಾರ್ ಇನ್ವರ್ಟರ್ ಹಾಕಿಸಿದ್ದು, 68,000. ಕುಕ್ಕರ್ ಬರೀ 3,900.

ಶುದ್ಧ ಸಾತ್ವಿಕ:
ಈ ಪುಟಕ್ಕೆ ಎಲ್ಲಾ ಥರದವರೂ ಬರುತ್ತಾರೆ. ಕಾಲು, ಹಂದಿ ಅಂತ ಬರೆದರೆ ಓದುವುದು ಕಷ್ಟ. ಪ್ರಶ್ನೆ ಕೇಳಿದವರಿಗೆ ಬೇಕಿರುವುದು ಕಾಳು, ಸೊಪ್ಪು.

ಕೊಡಗಿನ ಕೈರುಚಿ:
ಪ್ರಶ್ನೆಯಲ್ಲಿ ಮಟನ್ ಇದೆ ಸಾರ್. ಓದಲು ಕಷ್ಟವಾದರೆ ಮುಂದಿನ ಉತ್ತರಕ್ಕೆ ಹೋಗಬಹುದು. ನಿಮ್ಮ ಅವಲಕ್ಕಿ ಬಗ್ಗೆ ನಾನು ಯಾವತ್ತೂ ದೂರು ಹೇಳಿಲ್ಲ. ನಮ್ಮ ಮನೆಯ ಮದುವೆ ಊಟ ಇದು. ತಲೆ ತಗ್ಗಿಸಿಕೊಂಡು ಬರೆಯುವ ವಿಷಯ ಅಲ್ಲ.

ಮಂಡ್ಯದ ಗೌಡತಿ:
ಚೆನ್ನಾಗಿ ಹೇಳಿದಿರಿ ಅಣ್ಣ.

ಧಾರವಾಡದಾಂವ:
ನೋಡ್ರಿ, ಒಂದು ಮುಖ್ಯ ಮಾತು ಯಾರೂ ಹೇಳಿಲ್ಲ. ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನಲ್ಲಿ "ಸ್ಲೋ ಕುಕ್" ಅಂತ ಒಂದು ಬಟನ್ ಇರುತ್ತದೆ. ಒಂದೇ ಸಾಮಾನಿನಲ್ಲಿ ಹತ್ತು ಕೆಲಸ ಅಂತ ಮಾರುತ್ತಾರೆ. ನಾನು 9,499 ಕೊಟ್ಟು ತಂದೆ, ಮೇಲೆ ಗಾಜಿನ ಮುಚ್ಚಳ ಬೇರೆ ತಗೊಳ್ಳಿ ಅಂತ 1,150. ಆ ಬಟನ್ ಒತ್ತಿ ಮಡಿಕೆಕಾಳು ಇಟ್ಟರೆ ಸಂಜೆ ಆದರೂ ಕಾಳು ಮುರಿಯುತ್ತಿರಲಿಲ್ಲ. ಮಗ ಥರ್ಮಾಮೀಟರ್ ಹಾಕಿ ನೋಡಿದ. ಆರು ಗಂಟೆ ಆದ ಮೇಲೂ ನಡುವೆ 74 ಡಿಗ್ರಿ. ಯಾಕೆ ಅಂದರೆ ಅದಕ್ಕೆ ಕಾವು ಬರುವುದು ತಳದಿಂದ ಮಾತ್ರ. ನಿಜವಾದ ಸ್ಲೋ ಕುಕ್ಕರ್‌ನಲ್ಲಿ ಪಾತ್ರೆಯ ಸುತ್ತಲೂ ಕಾವಿನ ಪಟ್ಟಿ ಇರುತ್ತದೆ, ದಪ್ಪ ಕಲ್ಲಿನ ಪಾತ್ರೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸರ್ವಿಸ್ ಸೆಂಟರ್‌ಗೆ ಒಯ್ದರೆ "ಅದು ಹಾಗೇ ಸರ್, ಮೋರ್‌ನಲ್ಲಿ ಇಡಿ" ಅಂದರು, ಅಂದರೆ ಜಾಸ್ತಿ ಕಾವಿನಲ್ಲಿ. ಆಟೋಗೆ ಹೋಗಿ ಬರಲು 240. ಎರಡನೇ ಸಲ ಕರೆಸಿದರು, ಮತ್ತೆ 240. ಡಬ್ಬದ ಮೇಲೆ ಬರೆದ ಕೆಲಸ ಮಾಡದಿದ್ದರೆ ಅದು ಮೋಸ ಅಲ್ಲದೆ ಮತ್ತೇನು?

ಆಮೇಲೆ ಸಾದಾ 3.5 ಲೀಟರಿನದು ತಂದೆ. ಈಗ ನಮ್ಮ ಮನೆಯಲ್ಲಿ ಬಾಸುಂದಿ ಅದರಲ್ಲಿ. ಎರಡು ಲೀಟರ್ ಗಟ್ಟಿ ಎಮ್ಮೆ ಹಾಲು ಬೇರೆ ಪಾತ್ರೆಯಲ್ಲಿ ಕಾಯಿಸಿ ಬಿಸಿಯಾಗಿಯೇ ಸುರಿದು, ಹೈನಲ್ಲಿ ಇಟ್ಟು, ಮುಚ್ಚಳದ ಅಡಿ ಮರದ ಸೌಟು ಅಡ್ಡ ಇಡುತ್ತೇವೆ, ಹಬೆ ಹೋಗಬೇಕು. ಅರ್ಧ ಗಂಟೆಗೊಮ್ಮೆ ಪಕ್ಕದ ಕೆನೆ ಕೆರೆದು ಒಳಗೆ ತಳ್ಳುವುದು. ತಳ ಹತ್ತುವುದಿಲ್ಲ. ಮಧ್ಯಾಹ್ನ ದಾಟುವಷ್ಟರಲ್ಲಿ ಹಾಲು ಅರ್ಧಕ್ಕೆ ಇಳಿದು ಕೆಂಪಡರಿ ಬರುತ್ತದೆ. ಕೆನೆ ಹಾಲಿಗೆ ಅಂಟಿಕೊಂಡು ಪದರ ಪದರವಾಗಿ ನಿಂತಿರುತ್ತದೆ. ಸಕ್ಕರೆ ಕೊನೆಗೆ. ಗ್ಯಾಸಿನ ಮುಂದೆ ಸೌಟು ಹಿಡಿದು ನಿಲ್ಲುವ ಶಿಕ್ಷೆ ನಮ್ಮ ಮನೆಯಾಕೆಗೆ ತಪ್ಪಿತು.

ಮಲೆನಾಡ ಮನೆ:
ಕಾಯಿ ವಿಷಯ ಹೇಳಲೇಬೇಕು. ಕಾಯಿ ಅರೆದು ಹಾಕಿದ ಮಸಾಲೆ ಬೆಳಿಗ್ಗೆಯಿಂದ ಸಂಜೆ ತನಕ ಅದರಲ್ಲಿ ಇಡಬೇಡಿ. ಕಾಯಿ ಒಡೆದು ಎಣ್ಣೆ ಮೇಲೆ ತೇಲುತ್ತದೆ, ರುಚಿ ಕೆಡುತ್ತದೆ. ಕರೆಂಟ್ ಹೋಗಿ ಬೆಚ್ಚಗೆ ಕೂತರಂತೂ ಮೊದಲು ಹಳಸುವುದು ಕಾಯಿಯೇ. ಕಾಳು, ತರಕಾರಿ ಮಾತ್ರ ಬೇಯಲಿ. ಸಂಜೆ ಬಂದು ಮಸಾಲೆ ಅರೆದು ಹಾಕಿ, ಒಲೆಯ ಮೇಲೆ ಒಂದು ಕುದಿ, ಒಗ್ಗರಣೆ. ಮೊಸರು, ಹಾಲು ಕೂಡ ಕೊನೆಗೇ. ಸೊಪ್ಪು ಇಡೀ ದಿನ ಇಟ್ಟರೆ ಕಂದು ಬಣ್ಣದ ಗೊಜ್ಜು.

ನಮ್ಮ ಮನೆಯಲ್ಲಿ ಹೆಚ್ಚು ಮಾಡುವುದು ಹುರುಳಿ ಕಟ್ಟು. ಮೊದಲು ಎತ್ತುಗಳಿಗೆ ಅಂತ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಅದರಿಂದ ಬಸಿದ ಕಟ್ಟಿನ ಸಾರು ಮನೆಯವರಿಗೆ. ಎತ್ತು ಹೋದವು, ಹಂಡೆ ಹೋಯಿತು. ಕುಕ್ಕರ್‌ನಲ್ಲಿ ಮಾಡಿದ ಹುರುಳಿ ಸಾರಿಗೆ ಆ ಬಣ್ಣ ಬರುತ್ತಿರಲಿಲ್ಲ. ರಾತ್ರಿ ನೆನೆಸಿದ ಹುರುಳಿಯನ್ನು ಬೆಳಿಗ್ಗೆ ಕುದಿನೀರಿನ ಜೊತೆ ಹೈನಲ್ಲಿ ಇಟ್ಟರೆ ಸಂಜೆಗೆ ಕಟ್ಟು ಕಡು ಕೆಂಪು. ಇದರಲ್ಲಿ ನೀರು ಆವಿಯಾಗುವುದಿಲ್ಲ. ಹಾಗಾಗಿ ಕಟ್ಟು ಬಸಿದು ಒಲೆಯ ಮೇಲೆ ಇಂಗಿಸಲೇಬೇಕು. ಬೆಂದ ಕಾಳು ಪಲ್ಯಕ್ಕೆ. ನಮ್ಮ ಅತ್ತೆಯೂ ಹಲ್ಲಿಲ್ಲದೆ ತಿನ್ನುತ್ತಾರೆ.

ಆಗಾಗ ಮುಚ್ಚಳ ತೆಗೆದು ನೋಡುವ ಚಪಲ ಬಿಡಿ. ಒಂದು ಸಲ ತೆಗೆದರೆ ಇಪ್ಪತ್ತು ಮೂವತ್ತು ನಿಮಿಷ ಹಿಂದೆ ಹೋದ ಹಾಗೆ.

ದಾವಣಗೆರೆ ಅಡುಗೆಮನೆ:
ಎಲ್ಲರೂ ಹೇಳುತ್ತಿರುವುದು ನೋಡಿ. ಮೊದಲು ಗ್ಯಾಸಿನ ಮೇಲೆ ಹುರಿಯಿರಿ, ಗ್ಯಾಸಿನ ಮೇಲೆ ಕುದಿಸಿ, ಕೊನೆಗೆ ಮತ್ತೆ ಗ್ಯಾಸಿನ ಮೇಲೆ ಇಂಗಿಸಿ. ನಾನು ಹೇಳಿದ್ದೂ ಅದೇ.

ಮಲೆನಾಡ ಮನೆ:
ಆರೇಳು ಗಂಟೆ ನಾನು ಒಲೆಯ ಮುಂದೆ ಇಲ್ಲ ಅಕ್ಕ. ಆ ಹೊತ್ತಿನಲ್ಲಿ ಅಡಿಕೆ ಸುಲಿದಿದ್ದೇನೆ, ಕೊಟ್ಟಿಗೆ ಕೆಲಸ ಮುಗಿಸಿದ್ದೇನೆ. ಅದಕ್ಕೆ ಬೆಲೆ ಇಲ್ವಾ?

ತುಮಕೂರು ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಜ್ಮಾ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ 3.5 ಲೀಟರಾ 6 ಲೀಟರಾ ಅಂತ ಇನ್ನೂ ಯಾರೂ ಹೇಳಲಿಲ್ಲ. ಮತ್ತೆ ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಾಗುವುದು ಹೇಗೆ? ಅತ್ತೆ ಮಧ್ಯಾಹ್ನ ಮಲಗಿಬಿಡುತ್ತಾರೆ.

ಮಂಡ್ಯದ ಗೌಡತಿ:
ನಾನು 6 ತಗೊಂಡೆ. ನಮ್ಮದು ಏಳು ಜನ, ಹಬ್ಬಕ್ಕೆ ನೆಂಟರು. ಅರ್ಧದಷ್ಟಾದರೂ ತುಂಬಿರಬೇಕು, ಮುಕ್ಕಾಲು ದಾಟಬಾರದು ಅಂತ ಪುಸ್ತಕದಲ್ಲೇ ಇದೆ. ಮೂರು ಜನದ ಸಾರು 6 ಲೀಟರಿನಲ್ಲಿ ತಳದಲ್ಲೇ ಉಳಿದು ಪಕ್ಕ ಹತ್ತುತ್ತದೆ. ಏಳು ಜನ ಇದ್ದರೆ ಮಾತ್ರ ನನ್ನದು ತಗೊಳ್ಳಿ.

ನಿವೃತ್ತ ಲೈನ್‌ಮ್ಯಾನ್:
ಮೂರು ಜನಕ್ಕೆ 3.5 ಸಾಕು, ನಾಬ್ ಇರುವುದು. ಕರೆಂಟ್ ಹೋದ ಲೆಕ್ಕಕ್ಕೆ ಒಂದು ಉಪಾಯ. ಪ್ಲಗ್ಗಿಗೆ ಹಾಕುವ ಗಡಿಯಾರ ಸಿಗುತ್ತದೆ, ಬ್ಯಾಟರಿ ಇಲ್ಲದ್ದು. ಅದನ್ನು ಕುಕ್ಕರ್ ಇರುವ ಲೈನಿಗೇ ಹಾಕಿ. ಮುಳ್ಳಿನ ಗಡಿಯಾರವಾದರೆ ಕರೆಂಟ್ ಹೋದಷ್ಟು ಹೊತ್ತು ನಿಂತಿರುತ್ತದೆ. ಸಂಜೆ ಬಂದು ಮೊಬೈಲ್ ಟೈಮಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಎರಡು ಗಂಟೆ ಮೇಲೆ ಹೋಗಿದ್ದರೆ, ಅದರಲ್ಲೂ ಅಡುಗೆ ಶುರುವಾದ ಹೊತ್ತಿನಲ್ಲಿ, ಚೆಲ್ಲಿಬಿಡಿ. ವಾಸನೆ ನೋಡಿ ತೀರ್ಮಾನ ಮಾಡಬೇಡಿ.

ಡೆಟ್ರಾಯಿಟ್ ಕನ್ನಡತಿ:
ಇಲ್ಲಿನ ಸರ್ಕಾರಿ ಸಲಹೆ ಇನ್ನೂ ಬಿಗಿ. ನೀವು ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿದ್ದರೆ, ಬೆಂದ ಹಾಗೆ ಕಂಡರೂ ಚೆಲ್ಲಿ ಅಂತ. ಎರಡು ಗಂಟೆ ತನಕ ಪರವಾಗಿಲ್ಲ ಅನ್ನುವುದು ಸರಿಯಲ್ಲ ಸಾರ್.

ನಿವೃತ್ತ ಲೈನ್‌ಮ್ಯಾನ್:
ನಿಮ್ಮ ಡೆಟ್ರಾಯಿಟ್‌ನಲ್ಲಿ ಕರೆಂಟ್ ಯಾವಾಗಲೋ ಒಮ್ಮೆ ಹೋಗುತ್ತದೆ ಅಮ್ಮ. ಇಲ್ಲಿ ಫೀಡರ್ ಟ್ರಿಪ್ ಆದರೆ ಹತ್ತು ನಿಮಿಷಕ್ಕೆ ಬರುತ್ತದೆ. ಹತ್ತು ನಿಮಿಷಕ್ಕೆಲ್ಲಾ ಸಾರು ಚೆಲ್ಲುತ್ತಾ ಕೂತರೆ ಮನೆ ನಡೆಯುವುದಿಲ್ಲ. ಆ ಕಲ್ಲಿನ ಪಾತ್ರೆ ಒಮ್ಮೆ ಬಿಸಿಯಾದರೆ ಅಷ್ಟು ಬೇಗ ಆರುವುದಿಲ್ಲ, ಮುಚ್ಚಳ ತೆಗೆಯದಿದ್ದರೆ ಸಾಕು.

ಡೆಟ್ರಾಯಿಟ್ ಕನ್ನಡತಿ:
ಹತ್ತು ನಿಮಿಷದ ಮಾತು ನಾನು ಆಡಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಅಂದೆ. ಮನೆಯಲ್ಲಿ ವಯಸ್ಸಾದವರು ಇದ್ದಾರೆ.

ಧಾರವಾಡದಾಂವ:
ಗಡಿಯಾರ ಇದ್ದರೆ ಗೊತ್ತಾಗುತ್ತದಲ್ಲ. ಇಬ್ಬರೂ ಒಂದೇ ಹೇಳುತ್ತಿದ್ದೀರಿ.

ಪುತ್ತೂರು ಗಂಜಿ:
ಪಾತ್ರೆ ಬಗ್ಗೆ ಯಾರೂ ಎಚ್ಚರ ಹೇಳಿಲ್ಲ. ನಾದಿನಿಯದು ಬಿಸಿ ಇದ್ದಾಗ ತಣ್ಣೀರು ಸುರಿದದ್ದಕ್ಕೆ ತಳದಿಂದ ಬಾಯಿ ತನಕ ಸೀಳಿತು. ಒಳಪಾತ್ರೆ ಒಂದೇ ಬೇಕು ಅಂದರೆ ಕಂಪನಿಯವರು ಸ್ಟಾಕ್ ಇಲ್ಲ ಅಂದರು. ಕೊನೆಗೆ ಸಿಕ್ಕಿದ್ದು 2,100ಕ್ಕೆ, ಕೊರಿಯರ್ 190. ಹೊಸದೇ 3,800. ಫ್ರಿಜ್‌ನಿಂದ ತೆಗೆದ ಪಾತ್ರೆಯನ್ನು ನೇರವಾಗಿ ಇಟ್ಟು ಆನ್ ಮಾಡಿದರೂ ಹೀಗೇ ಆಗುತ್ತದೆ.

ತುಮಕೂರು ಸೊಸೆ:
3.5 ಲೀಟರ್, ನಾಬ್ ಇರುವುದು ಆರ್ಡರ್ ಮಾಡಿದೆ, 3,649. ಎಕ್ಸ್‌ಟ್ರಾ ವಾರಂಟಿ ಬೇಡ ಅಂದೆ. ಮೊದಲು ಹುರುಳಿ ಮಾಡುತ್ತೇನೆ. ಗಡಿಯಾರ ನಮ್ಮೂರಲ್ಲಿ ಎಲ್ಲೂ ಸಿಗಲಿಲ್ಲ ಲೈನ್‌ಮ್ಯಾನ್ ಸಾರ್, ಎಲ್ಲಾ ಅಂಗಡಿಯಲ್ಲೂ ಬ್ಯಾಟರಿಯದೇ.

ನಿವೃತ್ತ ಲೈನ್‌ಮ್ಯಾನ್:
ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿಸಿ ನೋಡಿ. ಮುಳ್ಳಿನದು ಸಿಗದಿದ್ದರೆ ಕೆಂಪು ಅಂಕಿ ಮಿನುಗುವುದಾದರೂ ತನ್ನಿ. ಬ್ಯಾಟರಿ ಹಾಕದೆ ಬಿಟ್ಟರೆ ಕರೆಂಟ್ ಬಂದ ಮೇಲೆ 12:00ರಿಂದ ಮತ್ತೆ ಎಣಿಸುತ್ತದೆ. ಅದರಿಂದ ಕರೆಂಟ್ ಯಾವಾಗ ಬಂತು ಅಂತ ಮಾತ್ರ ಗೊತ್ತಾಗುತ್ತದೆ, ಯಾವಾಗ ಹೋಯಿತು ಅಂತ ಅಲ್ಲ. ಹೋದ ಹೊತ್ತನ್ನು ಪಕ್ಕದ ಮನೆಯವರನ್ನು ಕೇಳಿ.

ದಾವಣಗೆರೆ ಅಡುಗೆಮನೆ:
ಹುರುಳಿ ಬೆಂದರೆ ಬಂದು ಬರೆಯಿರಿ ತಂಗಿ. ಬೇಯದಿದ್ದರೂ ಬಂದು ಬರೆಯಿರಿ.